ಕಾಯಾದರೆ ಒಂದು ದಿನ, ಕಾಳಾದರೆ ಒಂದು ವರ್ಷ

ಡಿಸೆಂಬರ್ ಬಂತೆಂದರೆ ಹಳೇ ಮೈಸೂರು ಸೀಮೆಯಲ್ಲಿ ಅದು ಕ್ಯಾಲೆಂಡರ್‌ಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದ ತಳ್ಳುಗಾಡಿಯಲ್ಲಿ, ಬೆಂಗಳೂರಿನ ಪಿಜಿಗಳ ಎದುರಿನ ಫುಟ್‌ಪಾತಿನಲ್ಲಿ ಎಲ್ಲಿ ನೋಡಿದರೂ ಅವರೆಕಾಯಿಯ ರಾಶಿ. ಕೈಗೆ ಅಂಟುವ ಆ ಜಿಡ್ಡು, ಗಾಳಿಗೇ ಅಂಟಿದಂತಿರುವ ಆ ಸೊಗಡು! ವರ್ಷವಿಡೀ ಮೆಸ್ಸಿನ ಒಂದೇ ರುಚಿಯ ಸಾಂಬಾರ್ ಉಂಡು ಬೇಸತ್ತ ಹಾಸ್ಟೆಲ್ ಹುಡುಗರು ಕೂಡ ‘ಇವತ್ತು ಅವರೆಕಾಳು ಉಪ್ಪಿಟ್ಟಂತೆ’ ಎಂದರೆ ಅಲಾರಂ ಇಲ್ಲದೆ ಏಳುತ್ತಾರೆ. ಬೆಂಗಳೂರಿನ ವಿ.ವಿ. ಪುರದಲ್ಲಂತೂ ಅವರೆಯ ಹೆಸರಿನಲ್ಲೇ ಮೇಳ ನಡೆದು, ದೋಸೆಯಿಂದ ಜಿಲೇಬಿಯವರೆಗೆ ಎಲ್ಲದರಲ್ಲೂ ಅವರೆ ಸೇರಿಕೊಳ್ಳುತ್ತದೆ.

ತಿನ್ನುವ ಕಥೆ ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರುವುದು ಅದರ ಹಿಂದಿನ ಕಥೆ. ಬಿ.ಎಸ್ಸಿ. ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ ಮಾಗಡಿ ಸೀಮೆಯ ನಮ್ಮೂರಿನಲ್ಲೇ ಇರುವವಳು ನಾನು. ನೋಟಿಫಿಕೇಶನ್‌ಗೆ ಕಾಯುವುದರ ಜೊತೆಗೆ ಎರಡು ವರ್ಷದಿಂದ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿದೆ. ಹೊಲದ ಅವರೆಯನ್ನು ಯಾವಾಗ ಕೀಳಬೇಕು, ಎಷ್ಟು ಮಾರಬೇಕು, ಎಷ್ಟು ಉಳಿಸಬೇಕು ಎಂಬ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಅದನ್ನು ಬರೆಯುತ್ತಾ ನನಗೆ ಅರ್ಥವಾದ ಸಂಗತಿ ಇಷ್ಟೇ: ಹಸಿ ಕಾಯಿಯ ಬೆಲೆಯನ್ನು ಕೊಳ್ಳುವವರು ಹೇಳುತ್ತಾರೆ. ಒಣಗಿಸಿ ಕಾಪಾಡಿದ ಕಾಳಿನ ಬೆಲೆಯಲ್ಲಿ ನಮ್ಮದೂ ಒಂದು ಮಾತಿರುತ್ತದೆ.

ಹಗಲು ಕುಗ್ಗಿದರೆ ಹೂವು

ನಮ್ಮ ಕಡೆ ಅವರೆಗೆ ಪ್ರತ್ಯೇಕ ಹೊಲ ಕಡಿಮೆ. ರಾಗಿ ಬಿತ್ತುವಾಗ ನಡುನಡುವೆ ಬಿಡುವ ಅಕ್ಕಡಿ ಸಾಲೇ ಅದರ ಮನೆ. ರಾಗಿ ಕುಯ್ಲಾದ ಮೇಲೆ ಹೊಲ ಖಾಲಿ ಖಾಲಿ ಕಾಣುವ ಹೊತ್ತಿಗೆ ಅವರೆ ಮೈತುಂಬಿಕೊಂಡು ನಿಲ್ಲುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಗೊಬ್ಬರದ ಖರ್ಚೂ ಕಡಿಮೆ. ಬಳ್ಳಿಯ ಸೊಪ್ಪು, ಕಾಯಿಯ ಸಿಪ್ಪೆ ದನಕ್ಕೆ. ಎಸೆಯುವಂಥದ್ದು ಏನೂ ಇಲ್ಲ.

ಆದರೆ ನಾಟಿ ಅವರೆಗೆ ಒಂದು ಹಟವಿದೆ. ಹಗಲು ಕುಗ್ಗಿ ರಾತ್ರಿ ಉದ್ದವಾಗದ ಹೊರತು ಅದು ಹೂ ಬಿಡುವುದಿಲ್ಲ. ನೀವು ಜೂನ್ ಕೊನೆಯಲ್ಲಿ ಬಿತ್ತಿ, ಪಕ್ಕದ ಹೊಲದವರು ಆಗಸ್ಟಿನಲ್ಲಿ ಬಿತ್ತಲಿ, ಚಳಿಗಾಲ ಕಾಲಿಡುವ ಹೊತ್ತಿಗೆ ಎರಡೂ ಹೊಲದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಹೂವು, ಒಟ್ಟಿಗೇ ಕಾಯಿ. ಬಾಟನಿ ಓದಿದವರಿಗೆ ‘ಶಾರ್ಟ್ ಡೇ ಪ್ಲಾಂಟ್’ ಎಂಬ ಎರಡು ಅಂಕದ ಪ್ರಶ್ನೆ ನೆನಪಿರಬಹುದು. ಅದು ನಮ್ಮ ಹಿತ್ತಿಲಿನಲ್ಲೇ ನಿಂತಿದೆ. ಈ ಹಟವಿಲ್ಲದೆ ಎಲ್ಲ ಕಾಲದಲ್ಲೂ ಕಾಯಿ ಬಿಡುವ ಎಚ್‌ಎ-3, ಎಚ್‌ಎ-4 ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ‘ಎಚ್‌ಎ’ ಎಂದರೆ ಹೆಬ್ಬಾಳ ಅವರೆ. ಬೇಸಿಗೆಯಲ್ಲೂ ಮಾರುಕಟ್ಟೆಯಲ್ಲಿ ಅವರೆಕಾಯಿ ಕಾಣುತ್ತಿರುವುದು ಇಂಥ ತಳಿಗಳಿಂದ. ಆದರೂ ಮಾಗಿಯ ಚಳಿಯಲ್ಲಿ ಬಂದ ನಾಟಿ ಕಾಯಿಯ ಸೊಗಡೇ ಬೇರೆ ಎನ್ನುವವರು ನಮ್ಮೂರಿನಲ್ಲಿ ಕಡಿಮೆಯಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಎಂಬುದು ಇಲ್ಲಿನ ನಂಬಿಕೆ. ಆ ಪರಿಮಳ ಇರುವುದು ಕಾಯಿಯ ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ.

ಎಲ್ಲರ ಹೊಲದಲ್ಲೂ ಒಟ್ಟಿಗೇ ಕಾಯಿ ಎಂದರೆ ಏನರ್ಥ ಯೋಚಿಸಿ. ಎಲ್ಲರ ಮೂಟೆಯೂ ಒಂದೇ ವಾರ ಮಾರುಕಟ್ಟೆಗೆ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಅವರೆ, ಕಡಲೆಕಾಯಿ, ಗೆಣಸು ಬೇಯಿಸಿ ತಿನ್ನುವ ಸಂಭ್ರಮದಲ್ಲಿ ಬೇಡಿಕೆ ಚೆನ್ನಾಗಿಯೇ ಇರುತ್ತದೆ. ಆದರೆ ಕಾಯಿ ಅದಕ್ಕಿಂತ ಹೆಚ್ಚು ಬಂದರೆ ಬೆಲೆ ಕುಸಿಯುವುದು ಎಕನಾಮಿಕ್ಸ್ ಪುಸ್ತಕದ ಮೊದಲ ಅಧ್ಯಾಯ.

ವಾಪಸು ತರಲಾಗದ ಮೂಟೆ

ಕಳೆದ ಜನವರಿಯಲ್ಲಿ ಹಾಗೇ ಆಯಿತು. ಬೆಳಗಿನ ಜಾವ ಅವ್ವ, ಅಪ್ಪ, ನಾನು ಸೇರಿ ಕಿತ್ತ ಕಾಯಿಯನ್ನು ಆಟೊಗೆ ಹಾಕಿಕೊಂಡು ಅಪ್ಪ ಮಾರುಕಟ್ಟೆಗೆ ಹೋದರು. ಹಿಂದಿನ ವಾರದ ಬೆಲೆಯ ಅರ್ಧಕ್ಕೆ ಕೇಳಿದರಂತೆ. ಬೇಡ ಎಂದು ವಾಪಸು ತರುವಂತಿಲ್ಲ. ಕಿತ್ತ ಕಾಯಿ ಮಧ್ಯಾಹ್ನಕ್ಕೆ ಬಾಡುತ್ತದೆ, ಮಾರನೇ ದಿನಕ್ಕೆ ಸಿಪ್ಪೆ ಸುಕ್ಕಾಗುತ್ತದೆ, ಮೂಟೆಯೊಳಗೆ ಬಿಸಿಯೇರಿ ಕಪ್ಪಾಗುತ್ತದೆ. ಆಟೊ ಬಾಡಿಗೆ, ಹಮಾಲಿ ಕಳೆದು ಅಪ್ಪ ತಂದ ದುಡ್ಡನ್ನು ಪುಸ್ತಕದಲ್ಲಿ ಬರೆಯುವಾಗ ನನಗೇ ಬೇಸರವಾಯಿತು. ನಾವು ಮೂವರ ಕೂಲಿಯನ್ನಂತೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂದು ರಾತ್ರಿ ಅಜ್ಜಿ ಒಲೆಯ ಮುಂದೆ ಕೂತು ಹೇಳಿದ ಮಾತು ಇದು: ‘ಕಾಯಿಗೆ ಒಂದು ದಿನ ಆಯಸ್ಸು ಕಣವ್ವಾ, ಕಾಳಿಗೆ ಒಂದು ವರ್ಷ. ಉಳಿದಿದ್ದ ಬಳ್ಳೀಲೇ ಬುಡಿ.’ ಅಜ್ಜಿ ಹೇಳಿದ್ದು ಹೊಸದೇನಲ್ಲ. ಅವರ ಕಾಲದಲ್ಲಿ ಕಾಯಿ ಮಾರುವುದೇ ಕಡಿಮೆ, ಎಲ್ಲವೂ ಕಾಳಾಗಿ ಅಟ್ಟ ಸೇರುತ್ತಿತ್ತು. ರಸ್ತೆ, ಆಟೊ, ಬೆಂಗಳೂರಿನ ಬೇಡಿಕೆ ಬಂದ ಮೇಲೆ ಕಾಯಿ ಮಾರುವುದು ರೂಢಿಯಾಯಿತು. ಕೈಗೆ ತಕ್ಷಣ ದುಡ್ಡು ಬರುವುದರಿಂದ ಅದು ಸಹಜವೂ ಹೌದು. ಮನೆಯಲ್ಲಿ ಚರ್ಚೆ ನಡೆಯಿತು. ಕೊನೆಗೆ ಕಾಯಿಯ ಅರ್ಧ ಭಾಗವನ್ನು ಬಳ್ಳಿಯಲ್ಲೇ ಒಣಗಲು ಬಿಡುವುದೆಂದು ತೀರ್ಮಾನವಾಯಿತು.

ಇಲ್ಲೊಂದು ವಿಷಯ ಹೇಳಬೇಕು. ತೊಗರಿ, ಹೆಸರು, ಉದ್ದು, ಕಡಲೆ, ಮಸೂರಕ್ಕೆ ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುತ್ತದೆ. ಆ ಪಟ್ಟಿಯಲ್ಲಿ ಅವರೆ ಇಲ್ಲ. ಅಂದರೆ ಬೆಲೆ ಬಿದ್ದಾಗ ಹಿಡಿದುಕೊಳ್ಳಲು ಕೆಳಗೆ ಯಾವ ಬಲೆಯೂ ಇಲ್ಲ. ಕಾಪಾಡಿಕೊಳ್ಳುವ ಜಾಣತನವೇ ಈ ಬೆಳೆಗಿರುವ ಬೆಂಬಲ.

‘ಕಟ್’ ಎನ್ನಬೇಕು ಕಾಳು

ಒಣಗಿಸುವುದು ಎಂದರೆ ಬಿಸಿಲಿಗೆ ಹಾಕಿ ಮರೆಯುವ ಕೆಲಸ ಎಂದುಕೊಂಡಿದ್ದರೆ ತಪ್ಪು. ಮೊದಲ ಲೆಕ್ಕ ಬಳ್ಳಿಯಲ್ಲೇ ಶುರುವಾಗುತ್ತದೆ. ಕಾಯಿ ಹಸಿರು ಬಿಟ್ಟು ಹುಲ್ಲಿನ ಬಣ್ಣಕ್ಕೆ ತಿರುಗಬೇಕು, ಅಲುಗಾಡಿಸಿದರೆ ಒಳಗೆ ಕಾಳು ಗಲಗಲ ಎನ್ನಬೇಕು. ಅದಕ್ಕಿಂತ ಮೊದಲು ಕಿತ್ತರೆ ಕಾಳು ಸುಕ್ಕಾಗುತ್ತದೆ. ತೀರಾ ತಡವಾದರೆ ಬಿಸಿಲಿಗೆ ಕಾಯಿ ಸಿಡಿದು ಕಾಳು ಹೊಲದ ಪಾಲು. ಆದ್ದರಿಂದ ಒಣ ಕಾಯಿಯನ್ನೂ ಕೀಳುವುದು ಬೆಳಗಿನ ಇಬ್ಬನಿ ಆರುವ ಮುನ್ನವೇ. ಆಗ ಸಿಪ್ಪೆ ಕೊಂಚ ಮೆತ್ತಗಿದ್ದು ಸಿಡಿಯುವುದಿಲ್ಲ.

ಆಮೇಲೆ ಕಣದಲ್ಲೋ ತಾರಸಿಯಲ್ಲೋ ಮೂರು ನಾಲ್ಕು ದಿನದ ಬಿಸಿಲು. ಸಂಜೆಯಾದರೆ ಗುಡ್ಡೆ ಮಾಡಿ ಮುಚ್ಚಬೇಕು, ಇಲ್ಲದಿದ್ದರೆ ಹಗಲು ಒಣಗಿದ್ದು ರಾತ್ರಿಯ ಇಬ್ಬನಿಗೆ ಮತ್ತೆ ಮೆತ್ತಗಾಗುತ್ತದೆ. ಒಣಗಿದ ಕಾಯನ್ನು ಕೋಲಿನಿಂದ ಬಡಿದು, ಗಾಳಿಗೆ ತೂರಿ, ಮೊರದಲ್ಲಿ ಕೇರಿ ಕಾಳು ಬೇರೆ ಮಾಡುತ್ತೇವೆ. ಆ ಕಾಳಿಗೆ ಮತ್ತೆ ಎರಡು ಮೂರು ದಿನ ಬಿಸಿಲು. ಮುಕ್ಕಾದದ್ದು, ತೂತಾದದ್ದು, ಸುಕ್ಕಾದದ್ದನ್ನು ಆರಿಸಿ ತೆಗೆಯಬೇಕು. ಹಾಳಾದ ಒಂದು ಕಾಳು ಇಡೀ ಡಬ್ಬಕ್ಕೆ ಹುಳುವಿನ ದಾರಿ.

ಸಾಕಷ್ಟು ಒಣಗಿದೆಯೇ ಎಂದು ನೋಡಲು ಲ್ಯಾಬಿನಲ್ಲಿ ತೇವಾಂಶ ಅಳೆಯುವ ಯಂತ್ರವಿದೆ. ಬೇಳೆಕಾಳಿಗೆ ಶೇ 10ರ ಆಸುಪಾಸಿಗೆ ಇಳಿದರೆ ಕ್ಷೇಮ. ಅಜ್ಜಿಯ ಯಂತ್ರ ಅವರ ಉಳಿದಿರುವ ನಾಲ್ಕು ಹಲ್ಲು. ಕಾಳನ್ನು ಹಲ್ಲಿಗೆ ಕೊಟ್ಟು ಕಚ್ಚಬೇಕು. ಹಲ್ಲಿನ ಗುರುತು ಮೂಡಿದರೆ ಇನ್ನೂ ಹಸಿ. ‘ಕಟ್’ ಎಂದು ಒಡೆದರೆ ಆಯಿತು. ಒಣಗಿದ ಕಾಳನ್ನು ಬಿಸಿಬಿಸಿಯಾಗಿ ಡಬ್ಬಕ್ಕೆ ತುಂಬಬಾರದು. ನೆರಳಿನಲ್ಲಿ ಹರಡಿ ತಣ್ಣಗಾದ ಮೇಲೆ ತುಂಬಬೇಕು. ಬಿಸಿ ಕಾಳು ಡಬ್ಬದೊಳಗೆ ಬೆವರುತ್ತದೆ, ಬೆವರಿದರೆ ಬೂಷ್ಟು.

ಹುಳುವಿಗೂ ನಮಗೂ ಓಟದ ಪಂದ್ಯ

ಇಷ್ಟು ಮಾಡಿದರೂ ಒಂದು ದಿನ ಡಬ್ಬದ ಮುಚ್ಚಳ ತೆಗೆದಾಗ ಕಾಳಿನ ತುಂಬಾ ಗುಂಡುಸೂಜಿ ಚುಚ್ಚಿದಂಥ ತೂತು, ತಳದಲ್ಲಿ ಹಿಟ್ಟು! ಇದು ಕಾಳು ಕೊರೆಯುವ ಹುಳುವಿನ ಕೆಲಸ. ಈ ಹುಳು ಡಬ್ಬಕ್ಕೆ ಹೊರಗಿನಿಂದ ಬರುವುದೇ ಹೆಚ್ಚೆಂದು ನಾವು ತಿಳಿಯುತ್ತೇವೆ. ಆದರೆ ಎಷ್ಟೋ ಸಲ ಹೊಲದಲ್ಲೇ, ಬಳ್ಳಿಯಲ್ಲಿರುವ ಕಾಯಿಯ ಮೇಲೇ ಅದು ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳಿನೊಳಗೆ ಕೊರೆದು ಸೇರಿಕೊಂಡು, ಒಳಗೇ ತಿಂದು ಬೆಳೆದು, ದೊಡ್ಡದಾದ ಮೇಲೆ ದುಂಡಗಿನ ತೂತು ಮಾಡಿಕೊಂಡು ಹೊರಬರುತ್ತದೆ. ನಮ್ಮ ಬಿಸಿ ಹವೆಯಲ್ಲಿ ಮೊಟ್ಟೆಯಿಂದ ಹುಳುವಾಗಲು ಒಂದು ತಿಂಗಳು ಸಾಕು. ಬಂದ ಹುಳು ಮತ್ತೆ ಮೊಟ್ಟೆ ಇಡುತ್ತದೆ. ಲೆಕ್ಕ ಹಾಕಿದರೆ ಯುಗಾದಿಯೊಳಗೆ ಮೂಟೆ ಖಾಲಿ.

ಇದನ್ನು ತಡೆಯಲು ಹಿಂದಿನವರು ಕಂಡುಕೊಂಡ ಉಪಾಯಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೆಮ್ಮಣ್ಣು ಕಟ್ಟುವುದು. ಕೆಮ್ಮಣ್ಣನ್ನು ನೀರಿನಲ್ಲಿ ಬಗ್ಗಡದಂತೆ ಕಲಸಿ, ಕಾಳಿಗೆ ಸವರಿ, ಮತ್ತೆ ಚೆನ್ನಾಗಿ ಒಣಗಿಸುತ್ತಾರೆ. ಪ್ರತಿ ಕಾಳಿಗೂ ಒಂದು ಮಣ್ಣಿನ ಅಂಗಿ. ಆ ಅಂಗಿಯ ಮೇಲೆ ಇಟ್ಟ ಮೊಟ್ಟೆ ಕಾಳಿಗೆ ಸರಿಯಾಗಿ ಅಂಟುವುದಿಲ್ಲ. ಮಣ್ಣಿನ ಸಣ್ಣ ಕಣಗಳು ಹುಳುವಿನ ಮೈಮೇಲಿನ ಮೇಣದಂಥ ಪದರವನ್ನು ಉಜ್ಜಿ ತೆಗೆದು ಅದನ್ನು ಒಣಗಿಸಿಬಿಡುತ್ತವೆ. ಬೇಯಿಸುವ ಮುನ್ನ ತೊಳೆದರೆ ಮಣ್ಣು ಹೋಯಿತು. ಒಲೆಯ ಬೂದಿ ಬೆರೆಸಿಡುವುದರ ಹಿಂದಿರುವುದೂ ಇದೇ ತರ್ಕ. ಇನ್ನೊಂದು ಉಪಾಯ ಹರಳೆಣ್ಣೆ. ಕೆ.ಜಿ. ಕಾಳಿಗೆ ಒಂದು ಸಣ್ಣ ಚಮಚದಷ್ಟು ಎಣ್ಣೆ ಸವರಿದರೆ ಮೊಟ್ಟೆಗೆ ಉಸಿರು ಸಿಗದೆ ಸಾಯುತ್ತದೆ. ಬೇವಿನ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿಯೇ ಹಾಕಬೇಕು. ಹಸಿ ಸೊಪ್ಪು ಹಾಕಿದರೆ ಅದರ ನೀರೇ ಕಾಳಿಗೆ ಶತ್ರು.

ಈಗಿನ ಉಪಾಯ ಇನ್ನೂ ಸರಳ. ಗಾಳಿಯಾಡದ ಡ್ರಮ್ಮಿಗೆ ಕಂಠಮಟ್ಟ ಕಾಳು ತುಂಬಿ ಬಿಗಿಯಾಗಿ ಮುಚ್ಚುವುದು. ಒಳಗಿರುವ ಹುಳುಗಳು ಇರುವ ಸ್ವಲ್ಪ ಆಮ್ಲಜನಕವನ್ನು ತಾವೇ ಉಸಿರಾಡಿ ಮುಗಿಸಿ ಸಾಯುತ್ತವೆ. ಅರ್ಧ ಡ್ರಮ್ ಖಾಲಿ ಬಿಟ್ಟರೆ, ದಿನಕ್ಕೊಮ್ಮೆ ಮುಚ್ಚಳ ತೆಗೆದರೆ ಈ ಉಪಾಯ ಕೆಲಸ ಮಾಡುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಅಡುಗೆಗೆ ಸಣ್ಣ ಡಬ್ಬ, ಮಾರಲು ದೊಡ್ಡ ಡ್ರಮ್. ನಗರದಲ್ಲಿ ಮನೆ ಮಾಡಿಕೊಂಡಿರುವ ಗೆಳತಿಯರಿಗೆ ನಾನು ಹೇಳುವುದು ಫ್ರೀಜರ್ ವಿದ್ಯೆ. ಊರಿನಿಂದ ತಂದ ಕಾಳನ್ನು ಕವರಿನಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟರೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಕವರಿನ ಮೇಲಿನ ತೇವ ಪೂರ್ತಿ ಆರುವವರೆಗೆ ಬಿಚ್ಚಬೇಡಿ.

ವಯಸ್ಸಿಗೆ ತಕ್ಕ ಅಡುಗೆ

ಎಳೆಯದು, ಬಲಿತದ್ದು, ಒಣಗಿದ್ದು ಎಂದು ಅವರೆಯ ಒಂದೊಂದು ವಯಸ್ಸಿಗೂ ಒಂದೊಂದು ಅಡುಗೆ. ಬಲಿತ ಹಸಿ ಕಾಯಿಯನ್ನು ಉಪ್ಪು ಹಾಕಿ ಸಿಪ್ಪೆ ಸಮೇತ ಬೇಯಿಸಿದರೆ ಸಂಕ್ರಾಂತಿಯ ತಿಂಡಿ. ಬಿಡಿಸಿದ ಹಸಿ ಕಾಳು ಉಪ್ಪಿಟ್ಟು, ಅಕ್ಕಿರೊಟ್ಟಿ, ಹುಗ್ಗಿಗೆ. ಅದೇ ಕಾಳನ್ನು ನಾಲ್ಕೈದು ಗಂಟೆ ನೆನೆಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿದುಕಿ ಸಿಪ್ಪೆ ಹಾರಿಸಿದರೆ ಹಿದುಕವರೆ. ಕಾಯಿತುರಿ, ಕೊತ್ತಂಬರಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ ಲವಂಗ ರುಬ್ಬಿ ಹಾಕಿದ ಹಿದುಕವರೆ ಸಾರಿಗೆ ಬಿಸಿ ಮುದ್ದೆ ಇದ್ದರೆ ಪಕ್ಕದಲ್ಲಿ ಇನ್ನೇನೂ ಬೇಡ. ಇಡೀ ಮನೆಮಂದಿ ಟಿ.ವಿ. ಮುಂದೆ ಕೂತು ಹಿದುಕುವ ಆ ಸಂಜೆಯೇ ನಮ್ಮನೆಯ ಗ್ರೂಪ್ ಡಿಸ್ಕಷನ್. ನನ್ನ ಕೆಲಸ, ಓದು, ಮದುವೆ ಎಲ್ಲ ಚರ್ಚೆಗೂ ಅಲ್ಲೇ ಮುಹೂರ್ತ.

ಒಣ ಕಾಳು ವರ್ಷದ ಉಳಿದ ಕಾಲಕ್ಕೆ. ತರಕಾರಿ ಬೆಲೆ ಏರಿದ ದಿನಗಳಲ್ಲಿ ಅದೇ ಆಧಾರ. 100 ಗ್ರಾಂ ಒಣ ಅವರೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಜಿಮ್‌ಗೆ ಹೋಗಿ ಡಬ್ಬದ ಪುಡಿಗೆ ದುಡ್ಡು ಸುರಿಯುವ ಅಣ್ಣಂದಿರು ಗಮನಿಸಿ. ಆದರೆ ಒಣ ಅವರೆಯನ್ನು ಹಸಿಯಾಗಿ, ಅರೆಬೆಂದದ್ದಾಗಿ ತಿನ್ನಬಾರದು. ಹೊಟ್ಟೆಗೆ ಒಗ್ಗದ ಕೆಲವು ಅಂಶಗಳು ಅದರಲ್ಲಿರುತ್ತವೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಬೇಕು.

ರೂಮು ಮಾಡಿಕೊಂಡು ಓದುತ್ತಿರುವವರಿಗೆ ಒಂದು ಸುಲಭದ ದಾರಿ: ರಾತ್ರಿ ಓದಲು ಕೂರುವ ಮುನ್ನ ಒಂದು ಲೋಟ ಕಾಳು ನೆನೆಹಾಕಿ. ಬೆಳಿಗ್ಗೆ ಕುಕ್ಕರಿನಲ್ಲಿ ಮೂರ್ನಾಲ್ಕು ಸೀಟಿ. ಬೆಂದ ಮೇಲೆ ಹೆಚ್ಚಿದ ಬದನೆಕಾಯಿ ಅಥವಾ ಆಲೂಗಡ್ಡೆ, ಊರಿನಿಂದ ತಂದ ಸಾರಿನ ಪುಡಿ, ಉಪ್ಪು. ಹುಣಸೆ ಕೊನೆಗೆ. ಮೊದಲೇ ಹುಳಿ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಎಷ್ಟು ಸೀಟಿ ಹೊಡೆಸಿದರೂ ಬೇಯುತ್ತಿಲ್ಲವೆಂದರೆ ನೀರಿನ ಮೇಲೂ ಅನುಮಾನ ಪಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾಳನ್ನು ಮೆತ್ತಗಾಗಲು ಬಿಡುವುದಿಲ್ಲ. ಕುಡಿಯುವ ನೀರಿನಲ್ಲಿ ಒಮ್ಮೆ ಬೇಯಿಸಿ ನೋಡಿ. ಸೆಕೆ, ತೇವ ಇರುವ ಕಡೆ ಬಹಳ ಕಾಲ ಇಟ್ಟ ಹಳೆಯ ಕಾಳಿಗೂ ಇದೇ ರೋಗ. ಕಾಳನ್ನು ತಂಪಾದ ಒಣ ಜಾಗದಲ್ಲಿಡಿ ಎನ್ನುವುದು ಹುಳುವಿಗಾಗಿ ಮಾತ್ರವಲ್ಲ, ಅಡುಗೆಗಾಗಿಯೂ ಹೌದು.

ಅಂದಹಾಗೆ, ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ‘ಬೆಂದಕಾಳೂರು’ ಆಯಿತೆಂಬ ಕಥೆ ನಿಮಗೆ ಗೊತ್ತಿರುತ್ತದೆ. ಪರೀಕ್ಷೆಗೆ ಓದುವವರು ಒಂದು ವಿಷಯ ನೆನಪಿಡಿ: ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲೇ ‘ಬೆಂಗಳೂರು’ ಎಂಬ ಹೆಸರಿದೆ. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 12ನೇ ಶತಮಾನದಲ್ಲಿ. ಕಥೆ ಕಥೆಯೇ. ಆದರೆ ಹಸಿದು ಬಂದವರಿಗೆ ಕೊಡಲು ಆ ಅಜ್ಜಿಯ ಮನೆಯಲ್ಲಿ ಕಾಳಿತ್ತು ಎಂಬುದೇ ನನಗೆ ಆ ಕಥೆಯ ಸ್ವಾರಸ್ಯ.

ಕಾಯಲು ಯಾರಿಗೆ ಸಾಧ್ಯ?

ನಮ್ಮ ಮನೆಯ ಫಲಿತಾಂಶಕ್ಕೆ ಬರುತ್ತೇನೆ. ಉಳಿಸಿದ ಅವರೆ ಎರಡು ಮೂಟೆ ಕಾಳಾಯಿತು. ಮಳೆಗಾಲದಲ್ಲಿ, ಯಾರ ಹೊಲದಲ್ಲೂ ನಾಟಿ ಅವರೆ ಇಲ್ಲದ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಮಾರಿದೆವು. ಒಬ್ಬರು ಕೇಳಿದ ಬೆಲೆ ಅಪ್ಪನಿಗೆ ಸರಿ ಎನಿಸಲಿಲ್ಲ, ಮೂಟೆಯನ್ನು ವಾಪಸು ತಂದರು. ನನಗೆ ಆ ದಿನ ಆದ ಖುಷಿ ಮಾರಿದ ದಿನ ಆಗಲಿಲ್ಲ. ವಾಪಸು ತರಬಹುದಾದ ಮೂಟೆ! ಆ ದುಡ್ಡಿನಲ್ಲೇ ನನ್ನ ಎರಡು ಪರೀಕ್ಷೆಗಳ ಅರ್ಜಿ ಶುಲ್ಕ, ಪುಸ್ತಕ, ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜ್ ಆಯಿತು. ಯಾರ ಮುಂದೆಯೂ ಕೈ ಚಾಚಲಿಲ್ಲ.

ಹಾಗೆಂದು ಎಲ್ಲರೂ ಕಾಯಿ ಮಾರುವುದು ಬಿಟ್ಟು ಕಾಳು ಮಾಡಿ ಎಂದು ಉಪದೇಶಿಸಲು ನನಗೆ ಬಾಯಿ ಬರುವುದಿಲ್ಲ. ಜನವರಿಯಲ್ಲೇ ಸಾಲದ ಕಂತು ಕಟ್ಟಬೇಕಾದವರು ಆಷಾಢದವರೆಗೆ ಕಾಯಲಾರರು. ಒಣಗಿಸಲು ಕಣ ಬೇಕು, ಬಡಿದು ಕೇರಿ ಆರಿಸಲು ಕೈಗಳು ಬೇಕು. ಆ ಕೈಗಳು ಹೆಚ್ಚಾಗಿ ಅವ್ವಂದಿರವೇ. ಅಕಾಲಿಕ ಮಳೆ ಬಂದರೆ ಬಳ್ಳಿಯಲ್ಲಿದ್ದ ಒಣ ಕಾಯೆಲ್ಲ ಬೂಷ್ಟು. ಕಾಯುವುದಕ್ಕೂ ಬಂಡವಾಳ ಬೇಕು ಎಂಬುದು ಕೆಲಸಕ್ಕಾಗಿ ಕಾಯುತ್ತಿರುವ ನಮ್ಮಂಥವರಿಗೆ ಬೇರೆ ಯಾರೂ ಹೇಳಬೇಕಿಲ್ಲ. ಅದಕ್ಕೇ ನಾವು ಅರ್ಧ ಕಾಯಿ ಮಾರಿದ್ದು, ಅರ್ಧ ಉಳಿಸಿದ್ದು. ಧಾನ್ಯವನ್ನು ಗೋದಾಮಿನಲ್ಲಿಟ್ಟು ಅದರ ರಸೀದಿಯ ಮೇಲೆ ಸಾಲ ಪಡೆಯುವ ವ್ಯವಸ್ಥೆಗಾಗಿ 2007ರಲ್ಲಿ ಕಾಯ್ದೆಯೇ ಬಂದಿದೆ. ಎರಡು ಮೂಟೆಯವರಿಗೆ ಅದು ದೂರದ ಮಾತು. ಆದರೆ ಹತ್ತು ಮನೆಯವರು ಸೇರಿ ಒಂದೇ ಕಡೆ ಒಣಗಿಸಿ, ಒಂದೇ ಕಡೆ ತುಂಬಿಟ್ಟು, ಒಟ್ಟಿಗೆ ಬೆಲೆ ಕೇಳಬಹುದಲ್ಲ? ಅದರ ಲೆಕ್ಕ ಬರೆಯಲು, ಬೇರೆ ಬೇರೆ ಮಾರುಕಟ್ಟೆಯ ದರವನ್ನು ಮೊಬೈಲಿನಲ್ಲಿ ನೋಡಿ ಹೇಳಲು, ಡಿಗ್ರಿ ಮುಗಿಸಿ ಊರಿಗೆ ಬಂದಿರುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದೇವೆ. ಈ ವರ್ಷ ನಮ್ಮ ಬೀದಿಯ ನಾಲ್ಕು ಮನೆಯವರು ಇದಕ್ಕೆ ಒಪ್ಪಿದ್ದಾರೆ. ಏನಾಗುತ್ತದೋ ನೋಡಬೇಕು.

ಅದಕ್ಕೂ ಮೊದಲು ಎಲ್ಲರೂ ಮಾಡಬಹುದಾದ ಒಂದು ಕೆಲಸವಿದೆ. ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ: ನಮ್ಮ ಮನೆಯ ಬಿತ್ತನೆ ಕಾಳು ಎಲ್ಲಿಂದ ಬಂತು? ಎಷ್ಟು ಬಿಸಿಲು ಬೇಕು? ಯಾವ ಮಣ್ಣು ಕಟ್ಟುತ್ತಿದ್ದಿರಿ? ಹೇಳಿದ್ದನ್ನು ಬರೆದಿಡಿ, ಬೇಕಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇವುಗಳ ಉತ್ತರ ಯಾವ ಗೈಡಿನಲ್ಲೂ ಸಿಗುವುದಿಲ್ಲ. ನಮ್ಮ ಅಜ್ಜಿ ಬಿತ್ತನೆಗೆಂದು ಪ್ರತಿ ವರ್ಷ ಒಳ್ಳೆಯ ಬಳ್ಳಿಯ ದಪ್ಪ ಕಾಳನ್ನು ಬೇರೆ ಆರಿಸಿ, ಬೂದಿ ಬೆರೆಸಿ, ಸಣ್ಣ ಮಡಕೆಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಈ ವರ್ಷ ಆ ಕಾಳನ್ನು ಆರಿಸಿದ್ದು ನಾನು, ಅವರು ಪಕ್ಕದಲ್ಲಿ ಕೂತು ‘ಇದು ಬ್ಯಾಡ, ಅದು ಇರ್ಲಿ’ ಎನ್ನುತ್ತಿದ್ದರು. ಮುಂದಿನ ಮಳೆಗೆ ಬಿತ್ತುವುದು ಅದನ್ನೇ.